ಒಪ್ಪತ್ತು, ಗುಡ್ಡ ಮತ್ತು ರೊಟ್ಟಿಯ ಲೆಕ್ಕ

ಗಜೇಂದ್ರಗಡದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಪರಿಚಯದವರೊಬ್ಬರು ಕಳೆದ ಶ್ರಾವಣದಲ್ಲಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. “ಸರ್ರ, ಎರಡ ತಿಂಗಳಾತು. ರಾತ್ರಿ ಒಂಬತ್ತಕ್ಕ ಉಂಡ್ರ ಮರುದಿನ ಮಧ್ಯಾಹ್ನ ಒಂದರ ತನಕ ತುತ್ತ ಮುಟ್ಟೂದಿಲ್ಲ. ದಿನಾ ಮುಂಜಾನೆ ಕಾಲಕಾಲೇಶ್ವರನ ಗುಡ್ಡದ ಕಡೆ ಒಂದ ತಾಸು ನಡೀತೇನಿ. ಎಪ್ಪತ್ತಾರ ಕೇಜಿ ಇದ್ದದ್ದು ಎಪ್ಪತ್ತಾರ ಐತಿ. ಇಳೀವಲ್ದು. ನನ್ನ ದೇಹಾನ ಹಂಗನ, ಇಲ್ಲಾ ಈ ಉಪವಾಸದಾಗ ಏನೂ ಇಲ್ಲನ?”

ಕೇಳುತ್ತಿರುವಾಗಲೇ ಹುಡುಗ ಚಾ ತಂದಿಟ್ಟ. ಹೊತ್ತು ಹನ್ನೊಂದು. ಅವರ ಉಪವಾಸ ಮುಗಿಯಲು ಇನ್ನೂ ಎರಡು ತಾಸಿತ್ತು. ಅವರು ಕಪ್ಪು ಕೈಗೆತ್ತಿಕೊಂಡರು. ನಾನು ನೋಡಿದ್ದನ್ನು ಕಂಡು, “ಚಾ ಏನ್ ಊಟ ಅಲ್ಲಲ್ಲರಿ” ಎಂದರು.

ಇದು ಅವರೊಬ್ಬರ ಪ್ರಶ್ನೆಯಲ್ಲ. ರೋಣದ ಬಸ್‌ಸ್ಟ್ಯಾಂಡಿನ ಬಳಿ, ನರಗುಂದದ ಗುಡ್ಡದ ಬುಡದಲ್ಲಿ ಮುಂಜಾನೆ ನಡೆಯಲು ಬರುವವರು ಈಗ ಇದನ್ನೇ ಮಾತಾಡಿಕೊಳ್ಳುತ್ತಾರೆ. ಹದಿನಾರು ತಾಸು ಬಿಟ್ಟರೆ ಸಾಕೇ? ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತದೆಯೇ? ಕ್ಯಾಲೊರಿ ಎಣಿಸಲೇಬೇಕೇ? ಮೂರಕ್ಕೂ ಉತ್ತರವಿದೆ. ಆ ಉತ್ತರ ನಮ್ಮ ತಾಟಿನಿಂದಲೇ ಶುರುವಾಗಬೇಕು.

ವಾರ ಹಿಡಿಯುವ ಸೀಮೆ

ಈ ಎರೆ ಸೀಮೆಗೆ ಉಪವಾಸ ಹೊಸದಲ್ಲ. ಶ್ರಾವಣ ಬಂತೆಂದರೆ ಸೋಮವಾರ ಹಿಡಿಯುವವರು ಮನೆಮನೆಗೆ ಸಿಗುತ್ತಾರೆ. ಶನಿವಾರ ಮಾಡುವವರು, ಏಕಾದಶಿ ಮಾಡುವವರು, ಸಂಕಷ್ಟಿಗೆ ಚಂದ್ರನನ್ನು ನೋಡಿ ಉಣ್ಣುವವರು, ಶಿವರಾತ್ರಿಗೆ ನಿರಾಹಾರ ಇರುವವರು, ರಂಜಾನಿನಲ್ಲಿ ತಿಂಗಳು ಪೂರ್ತಿ ರೋಜಾ ಇರುವವರು ಎಲ್ಲರೂ ಒಂದೇ ಓಣಿಯಲ್ಲಿದ್ದಾರೆ. ದಿನಕ್ಕೆ ಒಂದೇ ಊಟದ ಒಪ್ಪತ್ತು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಈಗ ಪೇಟೆಯಲ್ಲಿ ಹೆಸರಾದ ಮಧ್ಯಂತರ ಉಪವಾಸವೂ ಹೊರನೋಟಕ್ಕೆ ಇದರ ದಾಯಾದಿ. ಹದಿನಾರು ತಾಸು ಬಿಟ್ಟು ಎಂಟು ತಾಸಿನೊಳಗೆ ಉಣ್ಣುವುದು ಒಂದು ಬಗೆ. ವಾರದಲ್ಲಿ ಐದು ದಿನ ಎಂದಿನಂತೆ ಉಂಡು ಎರಡು ದಿನ ಬಹಳ ಕಡಿಮೆ ಉಣ್ಣುವುದು ಇನ್ನೊಂದು. ಅದು 2012ರಲ್ಲಿ ಬಿಬಿಸಿಯಲ್ಲಿ ಮೈಕೆಲ್ ಮೋಸ್ಲಿ ಮಾಡಿದ ಕಾರ್ಯಕ್ರಮದ ನಂತರ ಜಗತ್ತಿಗೆಲ್ಲ ಹಬ್ಬಿತು.

ಆದರೆ ಉದ್ದೇಶ ಬೇರೆ. ವಾರ ಹಿಡಿಯುವವರು ದೇವರ ಮುಂದೆ ಮನಸ್ಸನ್ನು ಹದಕ್ಕೆ ತಂದುಕೊಳ್ಳಲು ಹಿಡಿಯುತ್ತಾರೆ. ಅಲ್ಲಿ ತೂಕದ ಮಾತೇ ಇಲ್ಲ. ತೂಕ ಇಳಿಸಲೆಂದೇ ಉಪವಾಸ ಮಾಡುವವರು ಮಾತ್ರ ಒಂದು ಮಾತನ್ನು ಮೊದಲೇ ಕೇಳಿಕೊಳ್ಳಬೇಕು: ನನ್ನ ದೇಹ ಏನನ್ನು ಕಳೆದುಕೊಳ್ಳಬೇಕು, ಏನನ್ನು ಉಳಿಸಿಕೊಳ್ಳಬೇಕು? ಕಳೆಯಬೇಕಾದದ್ದು ಕೊಬ್ಬು. ಉಳಿಯಬೇಕಾದದ್ದು ಮಾಂಸಖಂಡ, ರಕ್ತ, ಕಸುವು. ತಕ್ಕಡಿಯ ಮುಳ್ಳು ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ.

ಹದಿನಾರು ತಾಸಿನೊಳಗೆ

ಉಂಡ ಜೋಳ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಬೇಕಾದಷ್ಟನ್ನು ದೇಹ ಉರಿಸಿ, ಮಿಕ್ಕದ್ದರಲ್ಲಿ ಒಂದು ಪಾಲನ್ನು ಗ್ಲೈಕೋಜನ್ ರೂಪದಲ್ಲಿ ಯಕೃತ್ತಿನಲ್ಲೂ ಮಾಂಸಖಂಡದಲ್ಲೂ ಕೂಡಿಡುತ್ತದೆ. ಯಕೃತ್ತಿನ ಕಣಜ ಸಣ್ಣದು, ಸುಮಾರು 100 ಗ್ರಾಂ. ರಾತ್ರಿ ಊಟವಾಗಿ ಹತ್ತು-ಹನ್ನೆರಡು ತಾಸು ಕಳೆದರೆ ಅದು ಬಹಳ ಮಟ್ಟಿಗೆ ತಗ್ಗುತ್ತದೆ, ಇನ್ಸುಲಿನ್ ಇಳಿಯುತ್ತದೆ, ದೇಹ ಕೊಬ್ಬಿನ ಉಗ್ರಾಣದ ಬಾಗಿಲು ಇನ್ನಷ್ಟು ಅಗಲ ತೆರೆಯುತ್ತದೆ. ಇದು ನಿಜ. ಇದನ್ನು ಕೇಳಿಯೇ ಜನ “ಹದಿನಾರು ತಾಸು ಬಿಟ್ಟರೆ ಕೊಬ್ಬು ತಾನಾಗಿ ಕರಗುತ್ತದೆ” ಎಂದುಕೊಳ್ಳುತ್ತಾರೆ.

ತೆರೆದ ಬಾಗಿಲು ಉಂಡ ಕೂಡಲೇ ಮುಚ್ಚಿಕೊಳ್ಳುತ್ತದೆ. ಉಳಿದ ಎಂಟು ತಾಸಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಂಡರೆ, ಮುಂಜಾನೆ ಹೊರಹೋದ ಕೊಬ್ಬು ರಾತ್ರಿಯೊಳಗೆ ಮರಳಿ ಉಗ್ರಾಣ ಸೇರುತ್ತದೆ. ಆದ್ದರಿಂದ ಒಂದು ತಾಸಿನ ಲೆಕ್ಕ ನೋಡಿ ಫಲವಿಲ್ಲ, ದಿನದ ಮತ್ತು ವಾರದ ಒಟ್ಟು ಲೆಕ್ಕ ನೋಡಬೇಕು.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 116 ಜನರಿದ್ದರು. ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಬೇಕಾದಷ್ಟು ಉಣ್ಣಿ ಎಂದರು, ಇನ್ನೊಂದಕ್ಕೆ ದಿನಕ್ಕೆ ಮೂರು ಹೊತ್ತು ಉಣ್ಣಲು ಹೇಳಿದರು. ಹನ್ನೆರಡು ವಾರದ ಬಳಿಕ ಮೊದಲ ಗುಂಪು ಇಳಿಸಿದ್ದು 0.94 ಕೆಜಿ, ಎರಡನೆಯದು 0.68 ಕೆಜಿ. ಹೆಚ್ಚೂಕಡಿಮೆ ಒಂದೇ. ಚೀನಾದ ಗುವಾಂಗ್‌ಝೌನಲ್ಲಿ ಸ್ಥೂಲಕಾಯದ 139 ಜನ ವರ್ಷವಿಡೀ ಕ್ಯಾಲೊರಿ ಕಡಿಮೆ ಮಾಡಿದರು. ಅವರಲ್ಲಿ ಅರ್ಧದಷ್ಟು ಜನ ಮುಂಜಾನೆ 8ರಿಂದ ಸಂಜೆ 4ರೊಳಗೆ ಮಾತ್ರ ಉಂಡರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಹೊತ್ತು ಕಟ್ಟಿ ಉಂಡವರು 8 ಕೆಜಿ, ಹೊತ್ತು ಕಟ್ಟದವರು 6.3 ಕೆಜಿ ಇಳಿಸಿದ್ದರು. ಖಚಿತವಾಗಿ ಬೇರೆ ಎನ್ನುವಷ್ಟು ಅಂತರ ಅದಲ್ಲ ಎಂದು ಸಂಶೋಧಕರೇ ಬರೆದರು. ಇಳಿಸಿದ್ದು ಕಡಿಮೆ ಉಂಡ ಊಟ.

ಹಾಗಾದರೆ ಉಪವಾಸ ದಂಡವೇ? ಅಲ್ಲ. 2023ರಲ್ಲಿ ಶಿಕಾಗೋದಿಂದ ಬಂದ ಅಧ್ಯಯನದಲ್ಲಿ 90 ಜನರ ಪೈಕಿ ಒಂದು ಗುಂಪು ಏನನ್ನೂ ಎಣಿಸದೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಉಂಡಿತು, ಇನ್ನೊಂದು ಗುಂಪು ದಿನವೂ ಕ್ಯಾಲೊರಿ ಎಣಿಸಿ ಕಾಲುಭಾಗ ಕಡಿಮೆ ಉಂಡಿತು. ವರ್ಷದ ಕೊನೆಗೆ ಇಬ್ಬರೂ ಹತ್ತಿರ ಹತ್ತಿರ ಅಷ್ಟೇ ಇಳಿಸಿದ್ದರು. ಬಾಯಿಗೆ ಬೀಗ ಬಿದ್ದ ತಾಸುಗಳಲ್ಲಿ ಮೊದಲ ಗುಂಪಿನ ತಿನಿಸು ತಾನಾಗಿ ಕಡಿಮೆಯಾಗಿತ್ತು. ಯಾರಿಗೆ ಹೀಗೆ ಕಡಿಮೆಯಾಗುತ್ತದೋ ಅವರಿಗೆ ಉಪವಾಸ ಒಳ್ಳೆಯ ಸಾಧನ. ನಮ್ಮ ಅಂಗಡಿಯವರಿಗೆ ಆಗಿರಲಿಲ್ಲ. ಯಾಕೆ ಎಂಬುದು ಎಣಿಸಿದಾಗ ಗೊತ್ತಾಯಿತು.

ಅಡುಗೆಮನೆಯ ತಕ್ಕಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರಗಳನ್ನು ಅಳೆದು 2017ರಲ್ಲಿ ಪಟ್ಟಿ ಹೊರತಂದಿದೆ. ಅದರಂತೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ. ನಮ್ಮ ಮನೆಗಳಲ್ಲಿ ಬಡಿಯುವ ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಒಂದು ರೊಟ್ಟಿ 200 ಕ್ಯಾಲೊರಿ. ಇಷ್ಟು ನೆನಪಿದ್ದರೆ ಸಾಕು, ರೊಟ್ಟಿಯೇ ನಮ್ಮ ಅಳತೆಗೋಲು.

ಒಂದು ದೊಡ್ಡ ಚಮಚೆ ಎಣ್ಣೆ ಸುಮಾರು 120 ಕ್ಯಾಲೊರಿ. ಅರ್ಧ ರೊಟ್ಟಿಗಿಂತ ಹೆಚ್ಚು. ಹಾಲು, ಎರಡು ಚಮಚೆ ಸಕ್ಕರೆ ಹಾಕಿದ ಚಾ 70ರ ಆಸುಪಾಸು. ಮೂರು ಚಾ ಅಂದರೆ ಒಂದು ರೊಟ್ಟಿ. ಒಂದು ಮಿರ್ಚಿ ಭಜಿ, ಹಿಟ್ಟು ಮತ್ತು ಹೀರಿದ ಎಣ್ಣೆ ಸೇರಿ, 150ರ ಸುತ್ತ. ಅಂಗಡಿಯವರನ್ನು ಕೂರಿಸಿ ಒಂದು ದಿನದ್ದನ್ನು ಬರೆಸಿದೆ. ಮಧ್ಯಾಹ್ನ ಮೂರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ: 950. ದಿನಕ್ಕೆ ಐದು ಚಾ: 350. ಸಂಜೆ ಎರಡು ಭಜಿ: 300. ರಾತ್ರಿ ಮೂರು ರೊಟ್ಟಿ, ಮಡಕಿಕಾಳಿನ ಪಲ್ಯ, ಮಜ್ಜಿಗೆ: 850. ಒಟ್ಟು 2,450. ಅವರ ತೂಕಕ್ಕೆ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸಕ್ಕೆ, ಒಂದು ತಾಸಿನ ನಡಿಗೆಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ತೂಕ ನಿಂತಲ್ಲೇ ನಿಂತಿದ್ದು ದೇಹದ ತಪ್ಪಲ್ಲ. ಬಿಟ್ಟ ಮುಂಜಾನೆಯ ಉಪ್ಪಿಟ್ಟು ಮಧ್ಯಾಹ್ನದ ಮೂರನೆಯ ರೊಟ್ಟಿಯಾಗಿ, ಸಂಜೆಯ ಭಜಿಯಾಗಿ ಮರಳಿ ಬಂದಿತ್ತು. ಐದು ಚಾಗಳಲ್ಲಿ ಮೂರು ಉಪವಾಸದ ತಾಸುಗಳಲ್ಲೇ ಹೋಗುತ್ತಿದ್ದವು. ಹಾಲು ಸಕ್ಕರೆ ಬಿದ್ದ ಮೇಲೆ ಅದು ಉಪವಾಸವಾಗಿ ಉಳಿಯುವುದಿಲ್ಲ.

ಸೋಮವಾರದ ಲೆಕ್ಕ ಅವರನ್ನು ಇನ್ನೂ ಅಚ್ಚರಿಗೊಳಿಸಿತು. ಅಂದು ಮನೆಯಲ್ಲಿ ಸಾಬೂದಾಣಿ ಖಿಚಡಿ. 100 ಗ್ರಾಂ ಸಾಬೂದಾಣಿಗೆ 350, ಹಿಡಿ ಶೇಂಗಾಕ್ಕೆ 160, ಒಂದು ಚಮಚೆ ಎಣ್ಣೆಗೆ 120. ಒಂದು ತಾಟಿನಲ್ಲಿ 630 ಕ್ಯಾಲೊರಿ, ಮೂರು ರೊಟ್ಟಿಗೂ ಮಿಕ್ಕಿದ್ದು. ಸಾಬೂದಾಣಿಯಲ್ಲಿ ಪಿಷ್ಟ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ವ್ರತಕ್ಕೆ ಅದು ಸಲ್ಲುತ್ತದೆ, ತೂಕ ಇಳಿಸಲು ಸಲ್ಲುವುದಿಲ್ಲ.

ನಮ್ಮ ರೊಟ್ಟಿಯ ಎಣಿಕೆ ಹೊಲದ ಕಾಲದ್ದು. ರಂಟೆ ಹೊಡೆದು, ಕುಂಟೆ ಹೊಡೆದು, ಮೈಲುಗಟ್ಟಲೆ ನಡೆದು ಬಂದವರಿಗೆ ಆರು ರೊಟ್ಟಿ ಲೆಕ್ಕಕ್ಕಿರಲಿಲ್ಲ. ಅಪ್ಪ ಹೊಲದಲ್ಲಿದ್ದ, ಮಗ ಅಂಗಡಿಯಲ್ಲಿದ್ದಾನೆ, ತಾಟು ಮಾತ್ರ ಬದಲಾಗಿಲ್ಲ. ಎಣಿಸುವುದು ಈ ಒಂದು ಸಂಗತಿ ಕಾಣಲಿಕ್ಕಾಗಿ. ಜೀವನವಿಡೀ ಎಣಿಸಬೇಕಿಲ್ಲ. ಎರಡು ವಾರ ಬರೆದಿಡಿ. ಕಣ್ಣಿಗೆ ಅಳತೆ ಕೂಡುತ್ತದೆ. ಎಣ್ಣೆಗೆ ಇನ್ನೂ ಸುಲಭದ ಲೆಕ್ಕವಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬಂದರೆ, ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ ಬೀಳುತ್ತದೆ. ಡಬ್ಬಿ ಎಷ್ಟು ದಿನ ಬಂತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು.

ಗುಡ್ಡ ಹತ್ತಿದರೆ ಕರಗುವುದೆಷ್ಟು

76 ಕೆಜಿಯವರು ಬಯಲಲ್ಲಿ ಒಂದು ತಾಸಿಗೆ 5 ಕಿ.ಮೀ. ನಡೆದರೆ ಸುಮಾರು 265 ಕ್ಯಾಲೊರಿ ಖರ್ಚು. ಆದರೆ ಆ ತಾಸು ಸುಮ್ಮನೆ ಕೂತಿದ್ದರೂ 75ರಷ್ಟು ಖರ್ಚಾಗುತ್ತಿತ್ತು. ನಡಿಗೆ ಕೊಟ್ಟದ್ದು 190, ಒಂದು ರೊಟ್ಟಿಗೂ ತುಸು ಕಡಿಮೆ. ಗುಡ್ಡ ಏರಿದರೆ ಇನ್ನಷ್ಟು ಸೇರುತ್ತದೆ, ಇಳಿಯುವಾಗ ಅಷ್ಟು ಇರುವುದಿಲ್ಲ. ಮುಂಜಾನೆ ಗುಡ್ಡಕ್ಕೆ ಹೋಗಿ ಬಂದೆನಲ್ಲ ಎಂದು ಸಂಜೆ ಎರಡು ಭಜಿ ತಿಂದರೆ ಗಳಿಸಿದ್ದು ಹೋಯಿತು, ಮೇಲೆ ನೂರು ಸಾಲ ಉಳಿಯಿತು. ಕೈಗೆ ಕಟ್ಟುವ ಗಡಿಯಾರ ತೋರಿಸುವ ಅಂಕಿಯನ್ನು ನೆಚ್ಚಿಕೊಂಡು ತಿನ್ನಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಅಂಥ ಏಳು ಸಾಧನಗಳನ್ನು ಒರೆಗೆ ಹಚ್ಚಿದಾಗ, ಖರ್ಚಾದ ಕ್ಯಾಲೊರಿ ಹೇಳುವುದರಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ಖಾಲಿ ಹೊಟ್ಟೆಯ ನಡಿಗೆಯಲ್ಲಿ ಆ ತಾಸಿಗೆ ಕೊಬ್ಬು ಹೆಚ್ಚು ಉರಿಯುವುದು ಹೌದು. ಆದರೆ 2014ರ ಒಂದು ಪ್ರಯೋಗದಲ್ಲಿ 20 ತರುಣಿಯರು ನಾಲ್ಕು ವಾರ ಒಂದೇ ಬಗೆಯ ವ್ಯಾಯಾಮ, ಒಂದೇ ಬಗೆಯ ಕಡಿಮೆ ಊಟ ಪಾಲಿಸಿದರು. ಅರ್ಧ ಜನ ಉಂಡು ಮಾಡಿದರು, ಅರ್ಧ ಜನ ಉಪವಾಸವಿದ್ದು ಮಾಡಿದರು. ಕೊನೆಗೆ ಇಬ್ಬರಲ್ಲೂ ಕರಗಿದ ಕೊಬ್ಬಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಖಾಲಿ ಹೊಟ್ಟೆ ನಿಮಗೆ ಹಗುರ ಅನಿಸಿದರೆ ಹಾಗೆ ನಡೆಯಿರಿ, ತಲೆ ತಿರುಗಿದರೆ ಬಿಡಿ.

ಹಾಗಾದರೆ ವ್ಯಾಯಾಮ ಯಾಕೆ? ಈ ಬರಹದ ತಿರುಳೇ ಇದು. ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಉರಿಸುತ್ತದೆ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಕಾಲುಭಾಗದಷ್ಟು ಕೊಬ್ಬಲ್ಲದ್ದೇ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಸ್ಯಾನ್ ಫ್ರಾನ್ಸಿಸ್ಕೋದ ಆ ಅಧ್ಯಯನದಲ್ಲಿ ಉಪವಾಸದವರು ಕಳೆದುಕೊಂಡದ್ದರಲ್ಲಿ ಮಾಂಸಖಂಡದ ಪಾಲು ಇದಕ್ಕಿಂತಲೂ ದೊಡ್ಡದಾಗಿ ಕಂಡು ಸಂಶೋಧಕರು ಎಚ್ಚರಿಸಿದ್ದರು. ಇದಕ್ಕೆ ತಡೆ ಭಾರದ ವ್ಯಾಯಾಮ. ಇಟಲಿಯ ಪಾದೋವಾದಲ್ಲಿ ಭಾರ ಎತ್ತಿ ಪಳಗಿದ 34 ಗಂಡಸರನ್ನು ಎಂಟು ವಾರ ನೋಡಿದರು. 16 ತಾಸಿನ ಉಪವಾಸವಿದ್ದವರ ಕೊಬ್ಬು ಇಳಿಯಿತು, ಮಾಂಸಖಂಡವೂ ಕಸುವೂ ಹಾಗೇ ಉಳಿದವು. 2016ರಲ್ಲಿ ಅದು ಪ್ರಕಟವಾಯಿತು.

ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ. ಗರಡಿಮನೆಯ ದಂಡ, ಬಸ್ಕಿ ಸಾಕು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು, ಜೋಳದ ಚೀಲ ಹೊರುವವರನ್ನು ಕಂಡ ಸೀಮೆ ಇದು. ಗೋಡೆಗೆ ಕೈಕೊಟ್ಟು ದಂಡ, ಕುರ್ಚಿ ಹಿಡಿದು ಬಸ್ಕಿ ಎಂದು ಶುರುಮಾಡಿ, ವಾರಕ್ಕೆ ಎರಡು-ಮೂರು ದಿನ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹೋಗಬೇಕು. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಡಿಗೆ ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ ಒಳ್ಳೆಯದು. ಅದನ್ನು ರೊಟ್ಟಿಗೆ ಬದಲು ಕೊಡುವ ನಾಣ್ಯ ಮಾಡಿಕೊಳ್ಳಬಾರದು, ಅಷ್ಟೇ.

ಮಾಂಸಖಂಡ ಉಳಿಯಲು ಪ್ರೋಟೀನೂ ಬೇಕು. ಸಾಮಾನ್ಯ ದಿನಗಳಲ್ಲಿ ಕೆಜಿ ತೂಕಕ್ಕೆ 0.83 ಗ್ರಾಂ ಎಂದು ನಮ್ಮ ಪೋಷಣಾ ಸಂಸ್ಥೆಯ ಶಿಫಾರಸು. ತೂಕ ಇಳಿಸುತ್ತ ವ್ಯಾಯಾಮ ಮಾಡುವವರಿಗೆ 1.2 ಗ್ರಾಂ ಅಥವಾ ಅದಕ್ಕೂ ತುಸು ಹೆಚ್ಚು ಹೇಳುವುದುಂಟು. 65 ಕೆಜಿಯವರಿಗೆ ಸುಮಾರು 78 ಗ್ರಾಂ. ನಾಲ್ಕು ಜೋಳದ ರೊಟ್ಟಿಯಲ್ಲಿ 24 ಗ್ರಾಂ ಸಿಗುತ್ತದೆ. ಉಳಿದದ್ದಕ್ಕೆ ನಮ್ಮ ಎರೆಹೊಲದ ಹೆಸರು, ಕಡಲೆ ಇವೆ; 50 ಗ್ರಾಂ ಕಾಳಿಗೆ ಹತ್ತು-ಹನ್ನೊಂದು ಗ್ರಾಂ. ಮೊಸರು, ಹಾಲು, ತಿನ್ನುವವರಿಗೆ ಮೊಟ್ಟೆ. ಊಟ ಎರಡೇ ಇದ್ದಾಗ ಎರಡರಲ್ಲೂ ಕಾಳಿನ ಪಲ್ಯ ಇರಲೇಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಯಾವ ಹೊತ್ತಿಗೆ ಏನು

ನಡಿಗೆಯನ್ನು ಉಪವಾಸದ ಯಾವ ತಾಸಿನಲ್ಲಾದರೂ ಮಾಡಬಹುದು. ದಂಡ-ಬಸ್ಕಿಯನ್ನು ಮಾತ್ರ ಮೊದಲ ಊಟಕ್ಕೆ ತುಸು ಮುಂಚೆ, ಇಲ್ಲವೇ ಎರಡು ಊಟದ ನಡುವೆ ಇಟ್ಟುಕೊಳ್ಳಿ. ದಣಿದ ಸ್ನಾಯುವಿಗೆ ಹೆಚ್ಚು ಕಾಯಿಸದೆ ಕಾಳು, ಮೊಸರು ಸಿಗಲಿ. ಊಟದ ಕಿಟಕಿಯನ್ನು ಹಗಲಿನತ್ತ ಸರಿಸಿದರೆ ಒಳ್ಳೆಯದೆಂಬ ಸೂಚನೆಯೂ ಇದೆ. ಮಧುಮೇಹದ ಹೊಸ್ತಿಲಲ್ಲಿದ್ದ ಎಂಟು ಗಂಡಸರು ಐದು ವಾರ ಮಧ್ಯಾಹ್ನ 3ರೊಳಗೆ ಊಟ ಮುಗಿಸಿದಾಗ, ತೂಕ ಇಳಿಯದಿದ್ದರೂ ಇನ್ಸುಲಿನ್ನಿನ ಕೆಲಸ, ರಕ್ತದೊತ್ತಡ ಎರಡೂ ಸುಧಾರಿಸಿದ್ದು 2018ರ ಒಂದು ಸಣ್ಣ ಅಧ್ಯಯನದಲ್ಲಿ ಕಂಡಿತು. ಹೊತ್ತು ಮುಳುಗುವಾಗ ಉಂಡು ಮಲಗುತ್ತಿದ್ದ ನಮ್ಮ ಹಿರಿಯರ ರೂಢಿ ಇದಕ್ಕೆ ಹತ್ತಿರವಿತ್ತು.

ನೀರು ಬಿಡಬೇಡಿ. ಬೇಸಿಗೆಯಲ್ಲಿ ಈ ಬಯಲಿನ ಬಿಸಿಲಿಗೆ ಖಾಲಿ ಹೊಟ್ಟೆ ತಡೆದೀತು, ಒಣಗಿದ ದೇಹ ತಡೆಯದು. ರೋಜಾದ ಮಾತು ಬೇರೆ. ಅಲ್ಲಿ ಸುಮಾರು 13-14 ತಾಸು ನೀರೂ ಇಲ್ಲ. ಆ ತಿಂಗಳಲ್ಲಿ ಬೆವರು ಸುರಿಸುವ ವ್ಯಾಯಾಮವನ್ನು ಇಫ್ತಾರಿನ ನಂತರಕ್ಕೆ ಇಟ್ಟುಕೊಂಡು, ಹಗಲು ಹಗುರ ನಡಿಗೆಗೆ ನಿಲ್ಲಿಸುವುದು ಲೇಸು.

ಬುತ್ತಿ ಬಿಡಬಾರದವರು

ಈ ನೆಲಕ್ಕೆ ಊಟ ಅಳೆಯುವುದರ ಇನ್ನೊಂದು ನೆನಪೂ ಇದೆ, ಅದನ್ನು ಮರೆಯಬಾರದು. 1876-78ರ ಮಹಾ ಬರ ಆಗಿನ ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಹಿಂಡಿತು. ಬರದ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ ಸಾಕೆಂದು 1877ರಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ. ಹೆಂಗಸರಿಗೆ ಇನ್ನೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಬ್ಲ್ಯು. ಆರ್. ಕಾರ್ನಿಷ್ ಇದು ಸಾಲದು ಎಂದು ವಾದಿಸಿದ. ಇಂದಿನ ಲೆಕ್ಕದಲ್ಲಿ 450 ಗ್ರಾಂ ಜೋಳ ಎಂದರೆ 1,500 ಕ್ಯಾಲೊರಿ. ಕಷ್ಟದ ದುಡಿಮೆಯ ಗಂಡಸಿಗೆ ದಿನಕ್ಕೆ 3,470, ಹೆಂಗಸಿಗೆ 2,720 ಬೇಕೆಂದು ನಮ್ಮ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಕೂತು ಕೆಲಸ ಮಾಡುವವರಿಗೆ ಅದೇ 2,110 ಮತ್ತು 1,660. ಈ ಎರಡು ಸಾಲುಗಳ ನಡುವಿನ ಅಂತರವೇ ಎಲ್ಲವನ್ನೂ ಹೇಳುತ್ತದೆ. ಶ್ರಾವಣದಲ್ಲಿ ಕಳೆ ತೆಗೆಯುವ, ಹೆಸರು ಬಿಡಿಸುವ, ಉಳ್ಳಾಗಡ್ಡಿ ಕೀಳುವ ಹೆಣ್ಣುಮಗಳು ಅಂಗಡಿಯಲ್ಲಿ ಕೂರುವವನ ಉಪವಾಸವನ್ನು ಅನುಕರಿಸಬಾರದು. ಆಕೆಯ ಮಧ್ಯಾಹ್ನದ ಬುತ್ತಿ ಅವಳ ಕಸುವು.

ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ತೂಕ ಕಡಿಮೆ ಇದ್ದವರು, ಸೊರಗಿದ ಹಿರಿಯರು ತೂಕದ ಉಪವಾಸಕ್ಕೆ ಇಳಿಯಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ಉಪವಾಸದಲ್ಲಿ ವ್ಯಾಯಾಮವನ್ನೂ ಸೇರಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಔಷಧದ ಪ್ರಮಾಣ ಬದಲಿಸಿಕೊಳ್ಳದೆ ಶುರುಮಾಡಬೇಡಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಆ ಕ್ಷಣವೇ ಮೂರು ಚಮಚೆ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು. ಆಗ ಉಪವಾಸ ಮುರಿಯಿತಲ್ಲ ಎಂದು ನೋಯಬೇಡಿ, ಜೀವ ಮೊದಲು.

ಅಂಗಡಿಯವರು ಐದು ಚಾವನ್ನು ಎರಡಕ್ಕೆ ಇಳಿಸಿದರು, ಅವೂ ಮಧ್ಯಾಹ್ನ ಒಂದರ ನಂತರ. ಭಜಿ ವಾರದ ಸಂತೆಯ ದಿನಕ್ಕೆ ಮಾತ್ರ. ಎಣ್ಣೆಗಾಯಿಯ ಎಣ್ಣೆ ಅರ್ಧವಾಯಿತು. ಮಂಗಳವಾರ, ಶುಕ್ರವಾರ ದಂಡ-ಬಸ್ಕಿ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ದಿನಕ್ಕೆ 500 ಕಡಿಮೆಯಾದರೆ ಹದಿನೈದು ದಿನಕ್ಕೆ ಒಂದು ಕೆಜಿ ಎಂಬುದು ಕಾಗದದ ಲೆಕ್ಕ. ನಿಜದಲ್ಲಿ ಇನ್ನೂ ನಿಧಾನ ಎಂದು ಅವರಿಗೆ ಹೇಳಿದ್ದೆ. ತಕ್ಕಡಿಗಿಂತ ಸೊಂಟದ ಪಟ್ಟಿ ನೋಡಿಕೊಳ್ಳಿ, ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎಂದೂ ಹೇಳಿದ್ದೆ.

ದೀಪಾವಳಿಯ ಹೊತ್ತಿಗೆ ಮತ್ತೆ ಸಿಕ್ಕರು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಆದರೆ ಅವರು ಹೇಳಿದ್ದು ಬೇರೆಯೇ ಮಾತು. ಬರೆಯುವ ರೂಢಿಯಲ್ಲಿ ಒಂದು ದಿನ ಹೆಂಡತಿಯ ಊಟವನ್ನೂ ಬರೆದರಂತೆ. ಮುಂಜಾನೆ ಚಾ. ಎಲ್ಲರದಾದ ಮೇಲೆ ಮೂರು ಗಂಟೆಗೆ ಒಂದೂವರೆ ರೊಟ್ಟಿ, ತಳದಲ್ಲಿ ಉಳಿದ ಪಲ್ಯ. ರಾತ್ರಿ ಒಂದು ರೊಟ್ಟಿ. ಸೋಮವಾರ ಒಪ್ಪತ್ತು. ಸೇರಿಸಿದರೆ ಸಾವಿರ ದಾಟುವುದೇ ಕಷ್ಟ. ಪರೀಕ್ಷೆ ಮಾಡಿಸಿದಾಗ ರಕ್ತ ಕಡಿಮೆ ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಶೇ 57 ಜನರಿಗೆ ರಕ್ತಹೀನತೆ. ಆ ಅಂಕಿಯಲ್ಲಿ ಒಬ್ಬರು ಅವರ ಮನೆಯಲ್ಲೇ ಇದ್ದರು.

“ನಂದ ಲೆಕ್ಕಾ ಮಾಡಾಕ ಹೋಗಿ ಆಕೀದು ಕಂಡಿತ್ರಿ ಸರ್ರ” ಎಂದರು. ಈಗ ಮಧ್ಯಾಹ್ನ ಒಂದಕ್ಕೆ ಇಬ್ಬರೂ ಕೂಡಿ ಉಣ್ಣುತ್ತಾರೆ. ಅವರ ತಾಟಿನಲ್ಲಿ ಒಂದು ರೊಟ್ಟಿ ಕಡಿಮೆಯಾಗಿದೆ, ಆಕೆಯ ತಾಟಿನಲ್ಲಿ ಒಂದು ರೊಟ್ಟಿ, ಒಂದು ಸೌಟು ಹೆಸರುಕಾಳು ಹೆಚ್ಚಾಗಿದೆ.